ಟ್ಯಾಗಿನ ದಾರ

ಮೊದಲ ದಿನ ಹಳದಿ ಚೀಟಿಗಳನ್ನು ಗೋಡೆಗೆ ಅಂಟಿಸಿದೆ.
ಊಟ ಮುಗಿಸಿ ಬರುವಷ್ಟರಲ್ಲಿ ಎಲ್ಲವೂ ನೆಲದಲ್ಲಿ.
ಕಾರವಾರದ ಗೋಡೆ ಅಂಟನ್ನು ನಂಬುವುದಿಲ್ಲ,
ಜೂನಿನಲ್ಲಂತೂ
ಸುಣ್ಣದೊಳಗಿಂದ ಉಪ್ಪು ಬೆವರುತ್ತದೆ.
ಗುಡಿಸಲು ಬಂದ ಶೇವಂತಿ ಕೇಳಿದಳು,
"ಇವು ಬೇಕಾ, ಕಸವಾ?"
ಎರಡು ತಿಂಗಳ ಕೆಲಸ ಅದು, ಎಂದೆ.
ಮೊರದಲ್ಲಿ ಎತ್ತಿ ಕೊಟ್ಟಳು.

ಮರುದಿನ ಹತ್ತೂಕಾಲಿಗೆ:
ಎಲ್ಲರೂ ನಿಂತು ಮಾತಾಡೋಣ, ಹದಿನೈದೇ ನಿಮಿಷ,
ನಿನ್ನೆ ಏನಾಯಿತು, ಇವತ್ತೇನು, ತಡೆ ಎಲ್ಲಿ.
ನಿಂತರು.
ಯಾರೂ ಮಾತಾಡಲಿಲ್ಲ.
ಪಂಖ ಮಾತ್ರ ವರದಿ ಒಪ್ಪಿಸುತ್ತಿತ್ತು.

ತಿಳಿಯಲು ನನಗೆ ವಾರ ಹಿಡಿಯಿತು:
ಮೀನುಗಾರಿಕೆ ಇಲಾಖೆಯ ಈ ಕೋಣೆಯಲ್ಲಿ
ಕೂತವರು ಕೇಳುತ್ತಾರೆ,
ನಿಂತವರು ಮೆಮೋ ತೆಗೆದುಕೊಳ್ಳುತ್ತಾರೆ.
ಒಂಬತ್ತು ಕುರ್ಚಿ ತರಿಸಿದೆ, ಒಂದರ ಕಾಲು ಕುಂಟು.
ನಿಂತು ನಡೆಸಬೇಕಾದ್ದನ್ನು ಕೂತೇ ನಡೆಸಿದೆವು.
(ನನಗೆ ಕಲಿಸಿದವರು ಕಂಡಿದ್ದರೆ
ಸರ್ಟಿಫಿಕೇಟು ವಾಪಸು ಕೇಳುತ್ತಿದ್ದರು.)

ಆಗ ಬಾಂದೇಕರ್ ಬಾಯಿಬಿಟ್ಟರು.
ವಿಷಯ ನಿರ್ವಾಹಕರು, ಡೀಸೆಲ್ ಸಬ್ಸಿಡಿ,
ಇಪ್ಪತ್ತಾರು ವರ್ಷ, ಅದೇ ಮೇಜು.
"ತಡೆ ಅಂದ್ರೆ ನಾನೇ ಮೇಡಂ. ಬರ್ಕೊಳ್ಳಿ."
ಡ್ರಾಯರಿನಿಂದ ಫೈಲಿನ ಟ್ಯಾಗುಗಳನ್ನು ತೆಗೆದು
ಒಂದಕ್ಕೊಂದು ಗಂಟುಹಾಕಿ
ಈ ಕಪಾಟಿನಿಂದ ಆ ಕಪಾಟಿಗೆ ಎಳೆದು ಕಟ್ಟಿ,
ಚೀಟಿಗಳನ್ನು ಗುಂಡುಪಿನ್ನಿನಿಂದ ಸಿಕ್ಕಿಸಿದರು.
"ಇದರಲ್ಲಿ ಇಷ್ಟು ದಿನ ಕಟ್ಟಿಟ್ಟಿದ್ದೇ ಬಂತು.
ಸ್ವಲ್ಪ ಒಣಗಲಿ."

ಒಂದು ಸಂಜೆ ಉಮೇದಿನಲ್ಲಿ ಅಂದುಬಿಟ್ಟೆ:
ಇದು ನಿಮ್ಮ ರಂಪಣಿ ಬಲೆಯ ಹಾಗೇ,
ಕೂಡಿ ಎಳೆಯುವುದು, ಬಂದಷ್ಟನ್ನು ದಂಡೆಯಲ್ಲೇ ಹಂಚುವುದು.
ಕೋಡು ಬರೆಯುವ ವಿಠೋಬ ತಾಂಡೇಲ
ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ.
"ರಂಪಣಿಗೆ ಟೆಂಡರ್ ಇರ್ಲಿಲ್ಲ ಮೇಡಂ.
ನೂರಾ ನಲವತ್ತು ಮೀನಿನ ಹೆಸರು ಮೊದಲೇ ಬರೆದುಕೊಟ್ಟು
ಇಷ್ಟನ್ನೂ ಹಿಡ್ಕೊಂಡು ಬಾ ಅಂತ
ನಮ್ಮಜ್ಜನ್ನ ಯಾರೂ ನೀರಿಗೆ ಇಳಿಸ್ಲಿಲ್ಲ."
ಒಪ್ಪಂದದ ಅನುಬಂಧದಲ್ಲಿ
ನಿಜಕ್ಕೂ ನೂರಾ ನಲವತ್ತಿದ್ದವು.
ಆಮೇಲೆ ನಾನು ಬಲೆಯ ಸುದ್ದಿಗೆ ಹೋಗಲಿಲ್ಲ.

ಜುಲೈ ಕೊನೆಯ ಶುಕ್ರವಾರ, ಪ್ರಾತ್ಯಕ್ಷಿಕೆ.
ಬೈತಖೋಲದಿಂದ ಮುಕ್ತಾಬಾಯಿ ಬಂದರು,
ಎರಡು ದೋಣಿಗಳ ಒಡತಿ, ಒದ್ದೆ ಕೊಡೆ.
ಯಂತ್ರದ ಮೇಲೆ ಹೆಬ್ಬೆರಳಿಟ್ಟರು.
ಹೊಂದುತ್ತಿಲ್ಲ.
ಸೆರಗಿಗೆ ಒರಸಿ ಇಟ್ಟರು. ಹೊಂದುತ್ತಿಲ್ಲ.
ಮೂವತ್ತು ವರ್ಷ ಐಸಿನಲ್ಲಿ ಬಂಗಡೆ ಎಣಿಸಿದ ಬೆರಳು,
ಗೆರೆಗಳು ಎಲ್ಲೋ ಮಾರಾಟವಾಗಿವೆ.
ಪರದೆ ನೋಡಿದರು, ನನ್ನನ್ನು ನೋಡಿದರು,
ಆಮೇಲೆ ಗದರಿದರು:
"ಈ ಬಾಂದೇಕರನಿಗೆ ಗೊತ್ತುಂಟಲ್ಲ ನಾನು ಯಾರು ಅಂತ!"

ಬಾಂದೇಕರ್ ಚೀಟಿ ಎಳೆದುಕೊಂಡು,
ನಾನು ಹೇಳಿಕೊಟ್ಟ ಧಾಟಿಯಲ್ಲೇ ಬರೆದರು:
ಗುಮಾಸ್ತನಾಗಿ ನನಗೆ
ಗೊತ್ತಿರುವವರನ್ನು ಗೊತ್ತು ಎನ್ನಲು
ಒಂದು ಬಟನ್ ಬೇಕು.

ನೂರಾ ನಲವತ್ತೊಂದು.
"ಅನುಬಂಧದಲ್ಲಿಲ್ಲ," ಸಾಹೇಬರು ಅಂದರು.
ಎಂಬತ್ತೇಳನ್ನು ಬಿಡೋಣ ಸರ್, ಎಂದೆ,
ಮುಖಪುಟದಲ್ಲಿ ಓಡುವ ಸ್ವಾಗತದ ಅಕ್ಷರಗಳು.
ಹಸಿರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು, ತೆಗೆದರು.
ಅಂಚಿನಲ್ಲಿ ಒಂದೇ ಪದ: ಚರ್ಚಿಸಿ.

ಮೆಟ್ಟಿಲಿಳಿಯುವಾಗ ನನ್ನ ಮುಖ ನೋಡಿ
ಬಾಂದೇಕರ್ ಮೆಲ್ಲಗೆ, "ಚರ್ಚಿಸಿ ಅಂದ್ರೆ ಬೇಡ ಅಂತಲ್ಲ."

ಆಗಸ್ಟ್ ಒಂದು, ಬೆಳಕು ಹರಿಯುವ ಮೊದಲು
ದೋಣಿಗಳು ಹೊರಟವು.
ಬಟನ್ ವಿಠೋಬನ ಲ್ಯಾಪ್‌ಟಾಪಿನಲ್ಲಿ ಮಾತ್ರ ಕೆಲಸ ಮಾಡುತ್ತಿತ್ತು.
ಮುಕ್ತಾಬಾಯಿಯ ಚೀಟಿ ಕೈಬರಹದ್ದು,
ಕೆಳಗೆ ಕಾರ್ಬನ್, ನೀಲಿ.
ಟ್ಯಾಗಿನ ದಾರದ ಮೇಲೆ ನೂರಾ ನಲವತ್ತೊಂದು
"ನಡೆಯುತ್ತಿದೆ"ಗೂ "ಮುಗಿದದ್ದು"ಗೂ ನಡುವೆ
ಪಂಖದ ಗಾಳಿಗೆ ತಿರುಗುತ್ತಿತ್ತು, ಒಮ್ಮೆ ಬರಹ, ಒಮ್ಮೆ ಬೆನ್ನು.

ಆ ವಾರದ ಹಿನ್ನೋಟದಲ್ಲಿ
ಹೆಸರಿಲ್ಲದ ಚೀಟಿ ಬರೆಯಲು ಹೇಳಿದ್ದೆ:
ಯಾವುದು ಚೆನ್ನಾಗಿ ನಡೆಯಿತು?
ಬಹಳಷ್ಟು ಖಾಲಿ. ಎರಡರಲ್ಲಿ ಚಹಾ.
ಒಂದರಲ್ಲಿ, ಯಾರದೆಂದು ಗುರುತು ಹತ್ತದ
ಗುಂಡಗಿನ ಅಕ್ಷರದಲ್ಲಿ:
ಕುರ್ಚಿ.